ಶಿಸ್ತಿಗೆ ಇಪ್ಪತ್ತೈದಕ್ಕೆ ಇಪ್ಪತ್ತೈದು

ಮಧುಗಿರಿ
19 ಮೇ 2025, ಸೋಮವಾರ

ಪ್ರೀತಿಯ ಜಹೀದಾಳಿಗೆ,

ನಿನ್ನ ಮೇಷ್ಟ್ರು ತಿಮ್ಮರಾಯಪ್ಪ ಮಾಡುವ ಆಶೀರ್ವಾದಗಳು. ಆಶೀರ್ವದಿಸುವ ಅರ್ಹತೆ ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು. ಆದರೆ ವಿದ್ಯಾರ್ಥಿಗೆ ಬರೆಯುವ ಪತ್ರವನ್ನು ಬೇರೆ ರೀತಿಯಲ್ಲಿ ಆರಂಭಿಸುವುದನ್ನು ನಾನು ಕಲಿತಿಲ್ಲ.

ಈ ಹದಿನೈದು ದಿನಗಳಲ್ಲಿ ನೀನು ಮೂರು ಬಾರಿ ಫೋನ್ ಮಾಡಿದೆ. ನಾನು ಎತ್ತಲಿಲ್ಲ. ಮೂರನೆಯ ಸಲ ನನ್ನಾಕೆ ರಾಜಲಕ್ಷ್ಮಮ್ಮ ಎತ್ತಿ, ಮಲಗಿದ್ದಾರೆ ಎಂದಳು. ನಾನು ಅವಳ ಎದುರಿಗೇ ಕುಳಿತಿದ್ದೆ. ಫೋನ್ ಇಟ್ಟ ಮೇಲೆ ಅವಳು, "ಆ ಹೆಣ್ಮಗಳು ಕೇಳಿದ್ದು ನಿಮ್ಮ ವರದೀನ. ಆಸ್ತಿ ಬರ್ಕೊಡಿ ಅಂದ್ಲಾ?" ಎಂದು ಚುಚ್ಚಿದಳು. ವರದಿಯ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಹದಿನಾಲ್ಕು ಪುಟಗಳಿವೆ. ಅದರಲ್ಲಿ ಒಂದು ಕಾಗುಣಿತದ ತಪ್ಪನ್ನೂ ನೀನು ಹುಡುಕಲಾರೆ.

ನಿನಗೆ ಗೊತ್ತಿರುವುದನ್ನೂ ಕ್ರಮವಾಗಿ ಬರೆಯುತ್ತೇನೆ. ಕ್ರಮ ತಪ್ಪಿದರೆ ನಾನು ನಡುವೆ ಎಲ್ಲೋ ತಪ್ಪಿಸಿಕೊಂಡುಬಿಡುತ್ತೇನೆ.

ನಮ್ಮ ವಿದ್ಯಾಸಂಸ್ಥೆಗೆ ನಾಲ್ಕು ತಾಲ್ಲೂಕುಗಳಲ್ಲಿ ಇಪ್ಪತ್ತಮೂರು ಶಾಲೆಗಳು, ಆರುನೂರಕ್ಕೂ ಮಿಕ್ಕಿ ಸದಸ್ಯರು. ಹೋದ ವರ್ಷದ ಸರ್ವಸದಸ್ಯರ ಸಭೆ ಮಧುಗಿರಿಯ ಸಭಾಂಗಣದಲ್ಲಿ ನಡೆದಾಗ, ಬುಕ್ಕಾಪಟ್ಟಣದ ಆಚೆಯ ನಿನ್ನ ಶಾಲೆಯನ್ನು ಮುಚ್ಚಿ ಮಕ್ಕಳನ್ನು ಶಿರಾಕ್ಕೆ ಸೇರಿಸುವ ನಿರ್ಣಯ ಮುಂದೆ ಬಂದಿತ್ತು. ನೀನು ಟೆಂಪೋ ಮಾಡಿಕೊಂಡು ನಿನ್ನ ಕಡೆಯ ಸದಸ್ಯರನ್ನೆಲ್ಲ ಕರೆತಂದಿದ್ದೆ. ಪಾವಗಡದ ಮುಖ್ಯೋಪಾಧ್ಯಾಯ ಕದರಪ್ಪ ಬೆಂಚಿನ ಮೇಲೆ ಹತ್ತಿ, "ಏನಯ್ಯಾ, ಕುರಿ ಕಾಯೋರ ಮಕ್ಳು ಓದ್ಬಾರ್ದಾ? ಲೆಯ್ಯಂಡಯ್ಯಾ, ಎದ್ದು ಕೇಳ್ರಿ!" ಎಂದು ಕೂಗಿದ. ಎಲ್ಲರೂ ಎದ್ದರು. ಆ ಗದ್ದಲದಲ್ಲಿ ನಿರ್ಣಯ ಬಿದ್ದುಹೋಯಿತು. ನಾನು ಅಂದು ಕಿವಿ ಮುಚ್ಚಿಕೊಂಡು ಕುಳಿತಿದ್ದೆ. ಶಾಲೆ ಉಳಿದದ್ದಕ್ಕೆ ಸಂತೋಷವಾಗಿತ್ತು. ಉಳಿದ ರೀತಿಗೆ ನಾಚಿಕೆಯಾಗಿತ್ತು.

ದೀಪಾವಳಿ ಕಳೆದ ಮೇಲೆ ಅಧ್ಯಕ್ಷರಾದ ಪ್ರಸನ್ನ ಕುಮಾರ್ ಮನೆಗೆ ಬಂದರು. "ಸಾರ್, ವಯಸ್ಸಾದೋರು ಪಾವಗಡದಿಂದ ಬಸ್ಸಲ್ಲಿ ಜೋತಾಡ್ಕೊಂಡು ಬರೋದು ಯಾಕೆ? ಇನ್ಮೇಲೆ ವಿಡಿಯೋದಲ್ಲೇ ಸಭೆ ಮಾಡಾಣ. ನಾಲ್ಕು ಕಂಪನಿಯವು ಇದಾವೆ. ನಮ್ಮಂಥ ದೊಡ್ಡ ಸಂಸ್ಥೆಗೆ ಯಾವುದು ಸರಿ ಅಂತ ನೀವು ಮಾರ್ಕ್ಸ್ ಹಾಕ್ಕೊಡಿ. ನೀವು ಹಾಕಿದ್ರೆ ಯಾರೂ ಉಸಿರೆತ್ತಲ್ಲ" ಎಂದರು. ನಿವೃತ್ತನಾಗಿ ಒಂಬತ್ತು ವರ್ಷಗಳಾಗಿದ್ದವು. ಯಾರೂ ನನ್ನಿಂದ ಅಂಕ ಕೇಳಿರಲಿಲ್ಲ.

ಕಂಪನಿಯ ಹೆಸರು ಕಂಡರೆ ಮನಸ್ಸು ವಾಲಬಹುದೆಂದು, ಉತ್ತರ ಪತ್ರಿಕೆಯಲ್ಲಿ ಹೆಸರು ಮರೆಮಾಡುವಂತೆ, ಅವುಗಳನ್ನು ಅ, ಆ, ಇ, ಈ ಎಂದು ಕರೆದೆ. ಧ್ವನಿಯ ಸ್ಪಷ್ಟತೆ, ಸೇರಬಹುದಾದ ಜನರ ಸಂಖ್ಯೆ, ಸಭೆಯ ದಾಖಲೆ, ಶಿಸ್ತು. ಒಂದೊಂದಕ್ಕೂ ಇಪ್ಪತ್ತೈದು ಅಂಕ. ನಾನು ಮಧುಗಿರಿಯಿಂದ, ನೀನು ಶಿರಾದಿಂದ, ಕದರಪ್ಪ ಪಾವಗಡದಿಂದ, ಕಂಪ್ಯೂಟರ್ ಶಿಕ್ಷಕಿ ಮಂಜುಶ್ರೀ ಕೊರಟಗೆರೆ ಶಾಲೆಯ ಕಂಪ್ಯೂಟರ್ ಕೊಠಡಿಯಿಂದ ಸೇರಿ ಪರೀಕ್ಷಿಸಿದೆವು.

"ಅ"ದಲ್ಲಿ ಯಾರು ಬೇಕಾದರೂ ಯಾವಾಗ ಬೇಕಾದರೂ ಮಾತನಾಡಬಹುದಿತ್ತು. ಸಿಗ್ನಲ್ ಸೊರಗಿದಾಗ ಚಿತ್ರ ನಿಂತರೂ ಧ್ವನಿ ನಿಲ್ಲುತ್ತಿರಲಿಲ್ಲ. ಕದರಪ್ಪ, "ಬಾಗುಂದಿ ತಿಮ್ಮರಾಯಣ್ಣಾ, ಎದುರಿಗೇ ಕುಂತಂಗೈತೆ!" ಎಂದು ತೆಲುಗು ಬೆರೆಸಿ ಮೆಚ್ಚಿ ಕೂಗಿದ. ಅವನ ಹಿಂದೆ ಮೇಕೆ ಅರಚಿತು. ನೀನು, "ಕದರಪ್ಪ ಸಾರ್, ನಿಮ್ಮ ಮೇಕೇನೂ ಮೆಂಬರ್ ಆಗೈತಾ?" ಎಂದೆ. ಎಲ್ಲರೂ ನಕ್ಕರು. ನಾನು ಶಿಸ್ತಿನಲ್ಲಿ ಹದಿನೆಂಟು ಅಂಕ ಕಳೆದೆ.

"ಆ" ನೂರು ಜನ ತುಂಬಿದೊಡನೆ ಉಳಿದವರನ್ನು ಹೊರಗೆ ನಿಲ್ಲಿಸುತ್ತಿತ್ತು. "ಇ" ಸಭೆಯನ್ನು ದಾಖಲಿಸಿ ಎಲ್ಲಿ ಬಚ್ಚಿಟ್ಟಿತೆಂದು ಮಂಜುಶ್ರೀಗೂ ಗೊತ್ತಾಗಲಿಲ್ಲ. "ಈ" ಮಾತ್ರ ಸಾವಿರ ಜನರನ್ನು ಸಲೀಸಾಗಿ ಹೊರಬಲ್ಲದಾಗಿತ್ತು. ಅದರಲ್ಲಿ ಅಧ್ಯಕ್ಷರು ಒಂದು ಗುಂಡಿ ಒತ್ತಿದರೆ ಎಲ್ಲರ ಮೈಕೂ ಮುಚ್ಚುತ್ತದೆ. ಅಧ್ಯಕ್ಷರು ಬಿಡುವ ತನಕ ಯಾರೂ ತೆರೆದುಕೊಳ್ಳಲಾರರು. ಆ ಮೌನ ನನಗೆ ಪರಿಚಿತವಾಗಿತ್ತು. ನನ್ನ ತರಗತಿಯಲ್ಲಿ ಗೋಡೆಯ ಹಲ್ಲಿ ಲೊಚಗುಟ್ಟಿದರೂ ಕೇಳುತ್ತಿದ್ದುದು ನಿನಗೆ ನೆನಪಿರಬೇಕು. ಇಪ್ಪತ್ತೈದಕ್ಕೆ ಇಪ್ಪತ್ತೈದು ಕೊಟ್ಟೆ. ಕನ್ನಡ ಪತ್ರಿಕೆಯಲ್ಲಿ ನಿನಗೂ ನಾನು ಪೂರ್ಣ ಅಂಕ ಕೊಟ್ಟವನಲ್ಲ.

ಅಂದು ನೀನೊಬ್ಬಳೇ ಕೇಳಿದೆ: "ಮೇಷ್ಟ್ರೇ, ಅವ್ರು ಬಾಯಿ ಮುಚ್ಚಿಸ್ಬುಟ್ರೆ ನಾವು ತೆಕ್ಕೊಳ್ಳೋದು ಹೆಂಗೆ?" ಕೈ ಎತ್ತಬೇಕು, ಸರದಿ ಬರುತ್ತದೆ ಎಂದೆ. ಮೂವತ್ತಾರು ವರ್ಷ ಮಕ್ಕಳಿಗೆ ಹೇಳಿದ ಉತ್ತರವದು. ನೀನು ಮತ್ತೆ ಏನೂ ಕೇಳಲಿಲ್ಲ. ನಿನಗೆ ಒಪ್ಪಿಗೆಯಾಯಿತೆಂದು ಭಾವಿಸಿದೆ.

ಮೇ ನಾಲ್ಕರಂದು "ಈ"ಯಲ್ಲಿ ಸೇರಿದ ಸರ್ವಸದಸ್ಯರ ಸಭೆಯಲ್ಲಿ ನಡೆದದ್ದನ್ನು ನೀನು ನಿನ್ನ ಕಡೆಯಿಂದ ನೋಡಿದ್ದೀಯೆ. ನನ್ನ ಪರದೆಯಲ್ಲಿ ನಿನ್ನ ಚೌಕದ ಮೂಲೆಯಲ್ಲಿ ಮಾತಿಗೆ ಅವಕಾಶ ಕೇಳುವ ಹಳದಿ ಕೈಯ ಗುರುತು ಎದ್ದಿತ್ತು. ಕದರಪ್ಪನದೂ ಎದ್ದಿತ್ತು. ಎಣಿಸುತ್ತ ಹೋದೆ, ಎಂಬತ್ತರ ಬಳಿ ಲೆಕ್ಕ ತಪ್ಪಿತು. ನಿನ್ನ ಹಿಂದೆ ನಿಂತಿದ್ದ ಹೆಂಗಸರ ಬಾಯಿಗಳೆಲ್ಲ ಆಡುತ್ತಿದ್ದವು. ಅಧ್ಯಕ್ಷರು ನಿನ್ನ ಶಾಲೆ ಮುಚ್ಚುವ ಅದೇ ನಿರ್ಣಯವನ್ನು ಓದಿ, "ಯಾರದೂ ವಿರೋಧ ಕೇಳಿ ಬರ್ತಿಲ್ಲ. ಸರ್ವಾನುಮತದಿಂದ ಅಂಗೀಕಾರ" ಎಂದರು. ಹನ್ನೊಂದು ನಿಮಿಷಗಳಲ್ಲಿ ಸಭೆ ಮುಗಿಯಿತು. ಪರದೆ ಕಪ್ಪಾಯಿತು.

ಮರುದಿನವೇ ನಾನು ಅಧ್ಯಕ್ಷರ ಬಳಿಗೆ ಹೋದೆ. ಅವರು ಎದ್ದು ನಿಂತು ಕುರ್ಚಿ ಕೊಟ್ಟರು. "ರೆಕಾರ್ಡಿಂಗ್ ಇದೆ ಸಾರ್, ಕೇಳಿ. ಒಬ್ರಾದ್ರೂ ಬೇಡ ಅಂದಿದ್ರೆ ನಾನೇ ರಾಜೀನಾಮೆ ಕೊಡ್ತೀನಿ" ಎಂದರು. ಕೇಳಿದೆ. ಮುಚ್ಚಿದ ಮೈಕಿನ ಮಾತು ದಾಖಲಾಗುವುದಿಲ್ಲ. ಯಾರು ಕೈ ಎತ್ತಿದ್ದರೆಂಬುದೂ ಅದರಲ್ಲಿಲ್ಲ. ಅಧ್ಯಕ್ಷರ ಧ್ವನಿಯೊಂದೇ ಸ್ಫುಟವಾಗಿ ಕೇಳುತ್ತದೆ. ದಾಖಲೆಗೂ ನಾನು ಇಪ್ಪತ್ತಮೂರು ಅಂಕ ಕೊಟ್ಟಿದ್ದೆ. ಕೋರ್ಟಿನ ಎದುರಿಗಿರುವ ವಕೀಲ ಅಂಬರೀಶ್ ನನ್ನ ಹಳೆಯ ವಿದ್ಯಾರ್ಥಿ. ಎರಡು ಸಲ ಕೇಳಿಸಿಕೊಂಡು, "ಕೇಸ್ ಹಾಕಬೋದು ಮೇಷ್ಟ್ರೇ, ಆದ್ರೆ ಅವರು ಮೊದಲು ತೋರ್ಸೋದು ಈ ರೆಕಾರ್ಡಿಂಗು, ಅದರ ಹಿಂದೆ ನಿಮ್ಮ ವರದಿ" ಎಂದ. ಚಹಾ ತರಿಸುತ್ತೇನೆಂದ. ಬೇಡವೆಂದು ಎದ್ದು ಬಂದೆ.

ಮೂವತ್ತೆಂಟು ಮಕ್ಕಳ ವರ್ಗಾವಣೆ ಪತ್ರಗಳಿಗೆ ನೀನು ಸಹಿ ಹಾಕಿ ಮುಗಿಸಿದೆಯೆಂದು ರಾಜಲಕ್ಷ್ಮಮ್ಮನಿಂದ ತಿಳಿಯಿತು. ನಿನ್ನ ವಿದ್ಯಾರ್ಥಿನಿ ಆರ್ಜೂವಿನ ತಂದೆ ಖಲೀಲ್ ಪತ್ರ ಪಡೆಯುವಾಗ, "ಶಿರಾಕ್ಕೆ ಎರಡು ಬಸ್ಸು ಹತ್ತಿಸಿ ಕಳ್ಸಕ್ಕಾಗಲ್ಲ ಟೀಚರ್, ಒಂಬತ್ತು ಓದೈತಲ್ಲ, ಸಾಕು ಬುಡಿ" ಎಂದನಂತೆ. ಹನ್ನೆರಡು ಹುಡುಗಿಯರ ಮನೆಯಲ್ಲಿ ಇದೇ ಮಾತಂತೆ. ನಾನು ಹೋಗಿ ಹೇಳಲೇ ಎಂದು ಯೋಚಿಸಿದೆ. ಏನು ಹೇಳಲಿ?

ನೀನು ಉತ್ತರ ಬರೆಯಬೇಕಾಗಿಲ್ಲ. ವರದಿಯನ್ನು ನಿನಗೆ ಬೇಕಾದವರಿಗೆ ತೋರಿಸು. ಕೆಳಗಿರುವ ಸಹಿ ನನ್ನದೇ ಎಂದು ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ. ಅದರಿಂದ ಶಾಲೆ ತೆರೆಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತು.

ಒಂದು ಕಾಲದಲ್ಲಿ ನಿನಗೆ ಕನ್ನಡ ಕಲಿಸಿದ,
ತಿಮ್ಮರಾಯಪ್ಪ

ತಾ. ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದ್ದೇನೆ. ಪರೀಕ್ಷಿಸಿದವನೆಂಬ ಮರ್ಯಾದೆಗೆ ಸಭೆಯ ದಿನ ಅಧ್ಯಕ್ಷರು ನನ್ನನ್ನು ಸಹ-ನಿರ್ವಾಹಕನನ್ನಾಗಿ ಮಾಡಿದ್ದರು. ನನ್ನ ಮೈಕು ತೆರೆದೇ ಇತ್ತು. ಎಲ್ಲರ ಮೈಕು ತೆರೆಯುವ ಗುಂಡಿ ನನ್ನ ಪರದೆಯ ಮೇಲೂ ಇತ್ತು. ಆದರೆ ಸಭೆಯ ಆರಂಭದಲ್ಲೇ ಅವರು ನನ್ನ ವರದಿಯನ್ನು ಹೊಗಳಿದ್ದರು. ಪರದೆಯ ತುಂಬ ಚಪ್ಪಾಳೆಯ ಚಿತ್ರಗಳು ತೇಲಿದ್ದವು. ಅಷ್ಟರಲ್ಲೇ ಅವರ ಮಾತಿಗೆ ಅಡ್ಡ ಬರುವುದು ಸಭ್ಯತೆಯಲ್ಲವೆಂದು ತೋರಿತು. ಕೊನೆಯ ಬೆಂಚಿನ ಪಿಸುಮಾತನ್ನು ತುಟಿ ನೋಡಿಯೇ ಹಿಡಿಯುತ್ತಿದ್ದವನು ನಾನು. ನೀನು ಆಗ ಅಧ್ಯಕ್ಷರನ್ನು ಕರೆಯುತ್ತಿರಲಿಲ್ಲ, ಜಹೀದಾ. "ಮೇಷ್ಟ್ರೇ, ಮೇಷ್ಟ್ರೇ" ಎನ್ನುತ್ತಿದ್ದೆ.