ಕಾಂಗಾ ಬಟ್ಟೆಯ ಹಿಂದಿನ ಗೆರೆ

ಜೂನ್ ೧೧, ಮಂಗಳವಾರ.

ಅತ್ತೆ ಇವತ್ತು ಊಟಕ್ಕೆ ಕರೆಯಲಿಲ್ಲ.

ಮಳೆ ವರ್ಷವರ್ಷಕ್ಕೂ ಹುಚ್ಚಾಗುತ್ತಿದೆ. ಏಪ್ರಿಲ್‌ನಲ್ಲಿ ಹೊಳೆ ಎಷ್ಟೆತ್ತರ ನುಗ್ಗಿತ್ತೆಂದು ನಗರಸಭೆಯವರು ಮನೆಮನೆ ಅಳೆಯುತ್ತಿದ್ದಾರೆ. ನೀರು ಸೊಂಟ ದಾಟಿದ್ದರೆ ಮನೆ ಖಾಲಿ ಮಾಡಿಸುತ್ತಾರೆ. ಟೇಪು ಹಿಡಿಯುವ ಕೆಲಸ ನನ್ನದು.

ನಮ್ಮ ಮನೆಯಲ್ಲಿ ಅತ್ತೆ ಮೊಣಕಾಲು ಮುಟ್ಟಿ ತೋರಿಸಿದಳು. “ಇಷ್ಟೇ ಕಣಪ್ಪಾ, ಕೋಳಿಯ ಪುಕ್ಕವೂ ನೆನೆಯಲಿಲ್ಲ.” ನನ್ನ ಜೊತೆ ಬಂದಿದ್ದ ಇಂಜಿನಿಯರ್ ನಕ್ಕು ಬರೆದುಕೊಂಡ. ಅವಳು ಗೋಡೆಗೆ ತೂಗುಹಾಕಿದ್ದ ಕಾಂಗಾ ಬಟ್ಟೆಯನ್ನು ನಾನು ಸರಿಸಿದೆ. ಕೆಸರಿನ ಗೆರೆ ನನ್ನ ಎದೆಮಟ್ಟಕ್ಕಿತ್ತು.

“ಶಾಲೆಯಲ್ಲಿ ಒಂದು ಲೆಕ್ಕವೂ ಸರಿ ಬರಲಿಲ್ಲ, ಇದೊಂದು ಸರಿ ಬಂತೇನೋ ಕಿಬ್ವಾನಾ?” ಅಂದಳು.

ಆ ನೆರೆಯಲ್ಲಿ ಅವಳನ್ನು ಹೆಗಲ ಮೇಲೆ ಹೊತ್ತು ದಾಟಿಸಿದವನು ನಾನೇ. ಈಗ ಗೋಡೆಯಾಚೆ ಒಬ್ಬಳೇ ಉಗಾಲಿ ಮುದ್ದೆ ತಿನ್ನುತ್ತಿದ್ದಾಳೆ. ಈ ಮನೆ ಹೋದರೆ ನನಗೂ ಬೇರೆ ಮನೆಯಿಲ್ಲ. ಆದರೂ ನಾಳೆ ಯಾರು ಕೇಳಿದರೂ ಎದೆಮಟ್ಟ ಎಂದೇ ಹೇಳುತ್ತೇನೆ.