ಪೆನ್ನು ಕೇಳಿದವಳು

ಡಿಸೆಂಬರ್ ೧೮, ಗುರುವಾರ

ನಿದ್ದೆ ಹತ್ತುತ್ತಿಲ್ಲ. ಇವತ್ತು ನಮ್ಮ ಕ್ಯಾನ್ಸರ್ ಔಷಧಿ ಪ್ರಯೋಗ ತಂಡದ ವಾರ್ಷಿಕ ಸಭೆ. ಹೊಸ ಔಷಧಿಯ ಪ್ರಯೋಗಕ್ಕೆ ಬೇಕಾದಷ್ಟು ರೋಗಿಗಳು ವರ್ಷ ಮುಗಿಯುವ ಮೊದಲೇ ಸೇರಿದ್ದಾರೆ, ನಿನ್ನೆಗೆ ಭರ್ತಿಯಾಯಿತು ಎಂದರು ದೊಡ್ಡ ಡಾಕ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟುತ್ತಿರುವಾಗಲೇ ಆ ಟೈಲರಮ್ಮ ನೆನಪಾದಳು.

ಹೋದ ವಾರ ಪ್ರಯೋಗಕ್ಕೆ ಸೇರುವ ಒಪ್ಪಿಗೆ ಪತ್ರ ಕೊಟ್ಟಾಗ, ಸಹಿ ಹಾಕಲು ಅಲ್ಲೇ ಪೆನ್ನು ಕೇಳಿದ್ದಳು. "ಅವಸರ ಬೇಡಮ್ಮ, ಮನೇಲಿ ಮಾತಾಡ್ಕೊಂಡು ಬನ್ನಿ" ಎಂದು ಕಳಿಸಿದವಳು ನಾನೇ. ನಿಯಮ ಇರುವುದೇ ಹಾಗೆ. ಒಳ್ಳೆಯ ನಿಯಮವೇ. ಯಾರನ್ನು ಬೈಯಲಿ?

ಸಂಜೆ ಅವಳದೇ ಫೋನು.

"ಅತ್ತೆನೂ ಒಪ್ಕೊಂಡ್ರು ಸಿಸ್ಟರ್. ನಾಳೆ ಬಂದ್ಬಿಡ್ಲಾ?"

ಜಾಗ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಬನ್ನಿ ಅಂದುಬಿಟ್ಟೆ.

"ಈ ಸಲ ಪೆನ್ನು ನಾನೇ ತರ್ತೀನಿ" ಎಂದು ನಕ್ಕಳು.