ಕೆಳತೂಬಿನ ಪಕ್ಕ ಮೂರು ಚುಕ್ಕಿ

ಹೊಸಗುಂಟೆ
ತುಂಬುತಿಂಗಳ ನಲವತ್ತೊಂದನೇ ದಿನ, ೨೧೮೭

ಮಾನ್ಯ ಪುಷ್ಪಾವತಿಯವರಿಗೆ,

ತಾರೀಕು ನೋಡಿ ನಗಬೇಡಿ. ಕೆರೆ ಕೋಡಿ ಬೀಳುವವರೆಗೆ ನಮ್ಮಲ್ಲಿ ಈ ತಿಂಗಳು ಮುಗಿಯುವುದಿಲ್ಲ. ನಿಮ್ಮಿಂದ ನಾಲ್ಕಾರು ತಲೆಮಾರು ಆಚೆಗಿರುವ ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ಹೊನ್ನೂರಮ್ಮ, ಈ ಊರಿನ ನೀರುಗಂಟಿ. ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವಳು. ನಮ್ಮ ಕೆರೆಗಾಗಿ ನೀವು ಕಟ್ಟಿದ ವೆಬ್ ಪುಟವನ್ನು ನಾವು ನೀರುಮಣೆ ಎನ್ನುತ್ತೇವೆ. ಅದೀಗ ಚಾವಡಿಯ ಗೋಡೆಯ ಮೇಲೆ ಬೆಳಗುತ್ತದೆ. ಬೆಳಿಗ್ಗೆ ರೊಟ್ಟಿ ತಟ್ಟಿದ ಕೈಯಲ್ಲೇ ಹೆಂಗಸರು ಬಂದು ತಮ್ಮ ಹೆಸರು ಮುಟ್ಟಿ ಸರದಿ ನೋಡುತ್ತಾರೆ. ಆ ಹಿಟ್ಟು ಒರೆಸುವುದೂ ನನ್ನ ಪಾಲಿನ ಕೆಲಸವೇ. ತೂಬಿನ ಚಿತ್ರಕ್ಕೆ ಬೆರಳು ತಾಗಿಸಿದರೆ ತೂಬು ಪೂರ್ತಿ ಏಳುತ್ತದೆ. ನಮಗೆ ತಿಳಿದಿದ್ದು ಅಷ್ಟೇ.

ಪ್ರತಿ ವರ್ಷ ಕೆಳತೂಬಿನ ಬಳಿ ಏರಿ ಜಿನುಗುತ್ತಿತ್ತು. ಮಣ್ಣು ತುಂಬಿ ತುಂಬಿ ಸೋತೆವು. ಈ ಸಲ ಕೆರೆಯನ್ನೇ ಒಡೆದು ಬಯಲು ಮಾಡುವುದೆಂದು ಊರು ತೀರ್ಮಾನಿಸಿತು. ಬೇರೆ ದಾರಿ ಇದೆಯೇ ಎಂದು ನಾನು ಹುಡುಕಲು ಹೊರಟೆ. ಹಳೆಯ ಪೆಟ್ಟಿಗೆಗಳನ್ನು ಜಾಲಾಡುವಾಗ ಬಾಲವಿದ್ದ ಒಂದು ಉಪಕರಣ ಸಿಕ್ಕಿತು. ನೀವು ಅದನ್ನು ಮೌಸ್ ಎನ್ನುತ್ತಿದ್ದಿರಂತೆ. ನೀರುಮಣೆಗೆ ಜೋಡಿಸಿ, ಬಾಣವನ್ನು ಕೆಳತೂಬಿನ ಮೇಲೆ ತಂದು ಬಲ ಗುಂಡಿ ಒತ್ತಿದೆ. ಪುಟ್ಟ ಪಟ್ಟಿಯೊಂದು ಬಿಚ್ಚಿಕೊಂಡಿತು: ತೆರೆ, ಅರ್ಧ ತೆರೆ, ಮುಚ್ಚು, ಅಜ್ಜನ ಮಾತು ಕೇಳು.

ಕೇಳಿದೆ. ನೀವು ಮುದ್ರಿಸಿಟ್ಟ ದನಿಯಲ್ಲಿ ನಿಮ್ಮ ಕಾಲದ ನೀರುಗಂಟಿ ಕರಿಯೋಬಜ್ಜ ಕೆಮ್ಮಿ ಮಾತು ಶುರುಮಾಡಿದರು: "ಕೆಳತೂಬು ಪೂರ್ತಿ ಎತ್ಬ್ಯಾಡ್ರಪ್ಪಾ. ಅಡೀಲಿ ಕಲ್ಲು ಸಡ್ಲ ಐತೆ. ಅರ್ಧ ಎತ್ರಿ, ತಡ ಆದ್ರೂ ಎಲ್ಲಾರ್ಗೂ ನೀರು ಬರ್ತೈತೆ."

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವರು ನಾವು. ಬೆರಳಿಗೆ ಬಲ ಗುಂಡಿ ಇಲ್ಲವಲ್ಲ! ನಿಮ್ಮ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಆ ಮಾತನ್ನು ಚಾವಡಿಯಲ್ಲಿ ಎಲ್ಲರಿಗೂ ಕೇಳಿಸಿದೆ. ಹಾರೆ ಹಿಡಿದು ಬಂದವರು ಹಾರೆ ಕೆಳಗಿಟ್ಟರು. ಅಂದಿನಿಂದ ಅರ್ಧವೇ ತೆರೆಯುತ್ತಿದ್ದೇವೆ. ಏರಿಯ ಬುಡ ಒಣಗಿದೆ, ಕಡೆಯ ಗದ್ದೆಗೂ ನೀರು ಹೋಗಿದೆ.

ಬಲ ಗುಂಡಿಯ ಪಟ್ಟಿಯನ್ನು ನಿಮ್ಮ ಕಾಲದ ಈ ವಾರ ಸೇರಿಸುತ್ತಿದ್ದೀರೆಂದು ಪುಟದ ಕೊನೆಗೆ ನೀವೇ ಹೆಸರು, ತಾರೀಕು ಹಾಕಿ ಬರೆದಿಟ್ಟ ಟಿಪ್ಪಣಿಯಿಂದ ತಿಳಿಯಿತು. ಸೇರಿಸಿ, ಅಜ್ಜನ ಮಾತನ್ನು ಮಾತ್ರ ಬಿಡಬೇಡಿ. ಆದರೆ ಬರೀ ಬೆರಳಿರುವವರ ಕಣ್ಣಿಗೂ ಬೀಳುವಂತೆ ತೂಬಿನ ಪಕ್ಕ ಮೂರು ಚುಕ್ಕಿ ಇಡಿ. ಮುಟ್ಟಿದರೆ ಅದೇ ಪಟ್ಟಿ ತೆರೆಯಲಿ. ಹಾಗೆ ಮಾಡಿದರೆ ನಮ್ಮ ಮುತ್ತಜ್ಜಿಯರೇ ಆ ಮಾತು ಕೇಳಿರುತ್ತಾರೆ, ನಾನು ಈ ಕಾಗದ ಬರೆಯುವ ಕಾರಣವೇ ಇರುವುದಿಲ್ಲ. ನಿಮ್ಮ ಹೆಸರೂ ನನಗೆ ಗೊತ್ತಾಗುವುದಿಲ್ಲ. ಅದೊಂದೇ ನನಗೆ ಬೇಜಾರು.

ಆದರೂ ಇಡಿ, ತಾಯಿ.

ಇಂತಿ,
ಹೊನ್ನೂರಮ್ಮ